ನಾಯಿ-ಸಂತನ ಬೆನ್ನು ಹತ್ತಿದಾಗ

13ನೇ ಶತಮಾನದ ಫ್ರಾನ್ಸ್. ಲಿಯೋಂ ಪಟ್ಟಣದ ಉತ್ತರಕ್ಕೆ ದೋಂಬ್ ಅಂತ ಒಂದು ಸೀಮೆ. ಅಲ್ಲಿನ ಹಳ್ಳಿ ಹೆಂಗಸರು ಕಾಯಿಲೆ ಮಕ್ಕಳನ್ನು ಎತ್ತಿಕೊಂಡು ಸಂತ ಗಿನ್‌ಫೋರ್ ಹತ್ತಿರ ಹೋಗುತ್ತಿದ್ದರು. ಆ ಸಂತ ಒಂದು ಗ್ರೇಹೌಂಡ್ ಬೇಟೆನಾಯಿ.

ಈ ವಿಷಯ ಎತ್ತಿದರೆ ಸಾಕು, 'ಪೋಪ್ ನಾಯಿಗೂ ಸಂತ ಪದವಿ ಕೊಟ್ಟಿದ್ರಂತೆ ಅಲ್ವಾ' ಅಂತ ಕೇಳುವವರು ಜಾಸ್ತಿ. ಕೊಟ್ಟಿಲ್ಲ. ಸಂತ ಪದವಿ ಕೊಡುವ ಹಕ್ಕು ಪೋಪ್‌ಗೆ ಮಾತ್ರ ಎನ್ನುವ ನಿಯಮ 1234ರಲ್ಲೇ ಒಂಬತ್ತನೇ ಗ್ರೆಗರಿಯ ಕಾನೂನು ಸಂಗ್ರಹಕ್ಕೆ ಸೇರಿತ್ತು. ಈ ನಾಯಿಯನ್ನು ಸಂತ ಮಾಡಿದವರು ರೈತರು.

ನಾನು ನೇರ ಮೂಲಕ್ಕೇ ಹೋದೆ. ಆ ಕಾಲದ ಸಾಕ್ಷಿ ಒಬ್ಬನೇ: ಎತಿಯೆನ್ ದ ಬುರ್ಬೋಂ. ಡೊಮಿನಿಕನ್ ಸಭೆಯ ಪಾದ್ರಿ, ಇನ್‌ಕ್ವಿಸಿಷನ್ (ಚರ್ಚಿನ ಬೋಧನೆಗೆ ವಿರುದ್ಧ ನಂಬಿಕೆಗಳನ್ನು ಪತ್ತೆಹಚ್ಚುವ ಚರ್ಚ್ ನ್ಯಾಯಾಲಯ) ವಿಚಾರಣೆ ನಡೆಸುತ್ತಿದ್ದವನು, ತೀರಿಕೊಂಡದ್ದು ಸುಮಾರು 1261ರಲ್ಲಿ. ಪ್ರವಚನ ಮಾಡುವವರಿಗೆಂದು ಬರೆದ ದೊಡ್ಡ ಗ್ರಂಥದಲ್ಲಿ ಈ ಪ್ರಸಂಗ ಬರುತ್ತದೆ. ಅದರಿಂದ ಆಯ್ದ ಭಾಗಗಳನ್ನು ಲೆಕ್ವಾ ದ ಲಾ ಮಾರ್ಶ್ 1877ರಲ್ಲಿ ಅಚ್ಚು ಹಾಕಿಸಿದರು. ಸ್ಕ್ಯಾನ್ ಪ್ರತಿ ಪುಕ್ಕಟೆ ಸಿಗುತ್ತದೆ. ನನ್ನ ಲ್ಯಾಟಿನ್ ಅಷ್ಟಕ್ಕಷ್ಟೆ. ಇಂಗ್ಲಿಷ್ ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದಿದೆ.

ತೊಡಕು ಏನೆಂದರೆ, ಈ ಆರಾಧನೆಯನ್ನು ನಮಗೆ ವಿವರಿಸುವವನೂ ಅದನ್ನು ಹಾಳುಮಾಡಿದವನೂ ಒಬ್ಬನೇ. ಅವನ ಪ್ರಕಾರ ಇದೆಲ್ಲ ಸೈತಾನನ ಕೆಲಸ. ಹಾಗಂತ ಪುಸ್ತಕ ಮುಚ್ಚಿಡೋಕೆ ಆಗಲ್ಲ. ನಾನು ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದೆ: ಅವನು ಕೇಳಿದ್ದು, ತಾನೇ ಮಾಡಿದ್ದು, ಅವನ ತೀರ್ಪು. 'ಸೈತಾನ' ಬಂದಲ್ಲೆಲ್ಲ ಮೂರನೇ ಕಾಲಂಗೆ. ಮೊದಲನೆಯದರಲ್ಲಿ ಉಳಿದದ್ದು ನೋಡಿ.

ಪಾಪನಿವೇದನೆಗೆ ಬಂದ ಹೆಂಗಸರು 'ಮಗುವನ್ನು ಗಿನ್‌ಫೋರ್ ಹತ್ತಿರ ಒಯ್ದಿದ್ದೆವು' ಎಂದರು. ಯಾರೋ ಪುಣ್ಯಪುರುಷ ಅಂದುಕೊಂಡು ಎತಿಯೆನ್ ಮತ್ತೆ ಕೆದಕಿದ. ಆಗ ನಾಯಿ ಹೊರಬಿತ್ತು. ಒಂದು ಹಾವು ತೊಟ್ಟಿಲ ಬಳಿ ಬಂತು, ನಾಯಿ ಅದನ್ನು ಕಚ್ಚಿ ಕೊಂದಿತು, ರಕ್ತ ಕಂಡ ಯಜಮಾನ ನಾಯಿಯನ್ನೇ ಕತ್ತಿಯಿಂದ ಕಡಿದ. ಆಮೇಲೆ ನಿಜ ತಿಳಿದು, ಮನೆ ಮುಂದಿನ ಬಾವಿಗೆ ಹಾಕಿ, ಕಲ್ಲು ಪೇರಿಸಿ, ಪಕ್ಕದಲ್ಲಿ ಮರ ನೆಡಿಸಿದ.

ಪಂಚತಂತ್ರದ ಮುಂಗುಸಿ ಕಥೆ! ಪಂಚತಂತ್ರದ ಅರಬಿ ರೂಪವಾದ ಕಲೀಲಾ ಮತ್ತು ದಿಮ್ನಾದಲ್ಲೂ ಅದು ಇದೆ. ಯುರೋಪಿನ 'ಏಳು ಜ್ಞಾನಿಗಳ' ಕಥೆಗಳಿಗೆ ಬರುವ ಹೊತ್ತಿಗೆ ಮುಂಗುಸಿಯ ಜಾಗದಲ್ಲಿ ನಾಯಿ ಕೂತಿದೆ. ನಮ್ಮವರು ಇಲ್ಲಿಗೇ ನಿಲ್ಲುತ್ತಾರೆ, 'ನೋಡಿ, ಎಲ್ಲ ನಮ್ಮಿಂದಲೇ ಹೋಗಿದ್ದು' ಅಂತ. ಆದರೆ ಪಂಚತಂತ್ರದಲ್ಲಿ ಮುಂಗುಸಿಗೆ ಯಾರೂ ಹರಕೆ ಹೊತ್ತಿಲ್ಲ. ಅದು ದುಡುಕಬೇಡ ಎನ್ನುವ ಕಥೆ, ಅಷ್ಟೆ. ಕಥೆ ಎಲ್ಲಿಂದ ಬಂತು ಅನ್ನುವುದು ಒಂದು ಪ್ರಶ್ನೆ, ಜನ ಯಾಕೆ ಕೈಮುಗಿದರು ಅನ್ನುವುದು ಬೇರೆಯೇ ಪ್ರಶ್ನೆ. ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಂಡ ಮೇಲೇ ನನಗೆ ದಾರಿ ಕಂಡದ್ದು.

ಎರಡನೆಯ ಹಾಳೆ ಓದುವುದು ಕಷ್ಟ. ಒಬ್ಬ ಮುದುಕಿ ತಾಯಂದಿರಿಗೆ ಕ್ರಮ ಹೇಳಿಕೊಡುತ್ತಿದ್ದಳು. ಉಪ್ಪು ಅರ್ಪಿಸಬೇಕು. ಮಗುವಿನ ಬಟ್ಟೆಯನ್ನು ಪೊದೆಗೆ ನೇತುಹಾಕಬೇಕು. ಮರಕ್ಕೆ ಮೊಳೆ ಹೊಡೆಯಬೇಕು. ಎರಡು ಮರಗಳ ನಡುವೆ ಮಗುವನ್ನು ಒಂಬತ್ತು ಸಲ ಆಚೆ ಈಚೆ ಎಸೆಯಬೇಕು, ಒಂದು ಕಡೆ ತಾಯಿ, ಇನ್ನೊಂದು ಕಡೆ ಮುದುಕಿ. 'ಈ ಬಡಕಲು ಮಗು ನಿಮ್ಮದು, ನಮ್ಮದನ್ನು ವಾಪಸ್ ಕೊಡಿ' ಎಂದು ಕಾಡಿನ ಫಾನ್‌ಗಳನ್ನು, ಅಂದರೆ ಮಗುವನ್ನು ಕದ್ದು ಬದಲಿ ಕೂಸು ಇಟ್ಟಿವೆ ಎಂದು ನಂಬಿದ್ದ ಕಾಡುಭೂತಗಳನ್ನು, ಬೇಡಬೇಕು. ಆಮೇಲೆ ಮಗುವನ್ನು ಬರಿಮೈಯಲ್ಲಿ ಮರದ ಬುಡದಲ್ಲಿ ಹುಲ್ಲಿನ ಮೇಲೆ ಮಲಗಿಸಿ, ತಲೆಯ ಎರಡೂ ಬದಿಗೆ ಹೆಬ್ಬೆರಳುದ್ದದ ಮೇಣದ ಬತ್ತಿ ಹಚ್ಚಿ, ಅಳು ಕೇಳಿಸದಷ್ಟು ದೂರ ಹೋಗಬೇಕು. ಬತ್ತಿ ಪೂರ್ತಿ ಉರಿದ ಮೇಲೇ ವಾಪಸ್. ಬೆಂಕಿ ತಗುಲಿ ಸತ್ತ ಮಕ್ಕಳೂ ಇದ್ದವು ಅನ್ನುತ್ತಾನೆ ಎತಿಯೆನ್. ಬದುಕಿದ್ದರೆ ಶಲಾರೋನ್ ನದಿಯಲ್ಲಿ ಒಂಬತ್ತು ಮುಳುಗು.

ನಮ್ಮಲ್ಲಿ ಮರಕ್ಕೆ ತೊಟ್ಟಿಲು ಕಟ್ಟಿ ಹರಕೆ ಹೊರುವುದು ತಕ್ಷಣ ನೆನಪಾಯಿತು. ಆದರೆ ಆ ಹೋಲಿಕೆ ನಿಲ್ಲಲಿಲ್ಲ. ನಮ್ಮಲ್ಲಿ ಬೇಡುವುದು ಮಗು ಬೇಕು ಅಂತ. ಅಲ್ಲಿ ಬೇಡಿದ್ದು ಬದಲಾದ ಮಗುವನ್ನು ಹಿಂದಕ್ಕೆ ಕೊಡಿ ಅಂತ. ಒಣಗಿ ಸೊರಗುತ್ತಿರುವ ಕೂಸು ತನ್ನದೇ ಅಲ್ಲ ಎಂದು ಒಬ್ಬ ತಾಯಿ ನಂಬಬೇಕಾದರೆ ಅವಳ ಸ್ಥಿತಿ ಹೇಗಿದ್ದಿರಬೇಕು? ಎತಿಯೆನ್‌ಗೆ ಅವರು ಮಕ್ಕಳನ್ನು ಕೊಲ್ಲುವವರಾಗಿ ಕಂಡರು. ನನಗೆ ಕಂಡದ್ದು ಕೊನೆಯ ದಾರಿ ಹಿಡಿದವರು.

ಇನ್ನು ಹೆಸರು. ಇಟಲಿಯ ಪಾವಿಯಾದಲ್ಲಿ ಗಿನ್‌ಫೋರ್ ಎಂಬ ಮನುಷ್ಯ ಸಂತನೂ ಇದ್ದಾನೆ. ಬಾಣಗಳ ಪೆಟ್ಟು ತಿಂದ ಹುತಾತ್ಮ ಅಂತ ಅವನ ಕಥೆ. ಫ್ರಾನ್ಸಿನ ಇತಿಹಾಸಕಾರ ಜಾನ್-ಕ್ಲೋದ್ ಶ್ಮಿತ್ 1979ರಲ್ಲಿ ಈ ಎಳೆಗಳನ್ನೆಲ್ಲ ಒಟ್ಟಿಗೆ ಹಿಡಿದು ಒಂದು ಇಡೀ ಪುಸ್ತಕ ಬರೆದರು. ಅದನ್ನು ನಾನು ಬೇಕೆಂದೇ ಕೊನೆಗೆ ಓದಿದೆ. ಮೊದಲೇ ಓದಿದ್ದರೆ ಎತಿಯೆನ್‌ನನ್ನು ಅವರ ಕಣ್ಣಲ್ಲೇ ನೋಡುತ್ತಿದ್ದೆ.

ಎತಿಯೆನ್ ಸುಮ್ನೆ ಬೈದು ಹೋಗಲಿಲ್ಲ. ನಾಯಿಯ ಮೂಳೆ ಅಗೆಸಿ ತೆಗೆಸಿದ, ಮರ ಕಡಿಸಿದ, ಎರಡನ್ನೂ ಒಟ್ಟಿಗೆ ಸುಡಿಸಿದ. ಇನ್ನು ಮುಂದೆ ಅಲ್ಲಿ ಸೇರಿದವರ ಆಸ್ತಿ ಮುಟ್ಟುಗೋಲು ಎಂದು ಆ ಸೀಮೆಯ ಒಡೆಯರಿಂದ ಆಜ್ಞೆ ಹೊರಡಿಸಿದ. ಆರು ಶತಮಾನ ದಾಟಿದ ಮೇಲೆ, 1870ರ ದಶಕದಲ್ಲಿ, ವೇಸಿಯೇರ್ ಎಂಬ ಸ್ಥಳೀಯ ವಿದ್ವಾಂಸ ಹುಡುಕಿಕೊಂಡು ಹೋದಾಗ ಆ ಕಾಡಿಗೆ ಇನ್ನೂ ಸಂತ ಗಿನ್‌ಫೋರ್ ಕಾಡು ಎಂದೇ ಹೆಸರಿತ್ತು. ಕಾಯಿಲೆ ಮಕ್ಕಳಿಗಾಗಿ ಅಲ್ಲಿಗೆ ಹೋಗುವ ರೂಢಿಯ ನೆನಪೂ ಊರಲ್ಲಿ ಉಳಿದಿತ್ತು.