ಕಿಡ್ನಿ ಸೋತ ಕೆಂಚನನ್ನು ಮನೆಗೆ ತಂದುಕೊಂಡೆವು

ಕೆಂಚ ಎಂಬ ಮುದಿ ನಾಯಿ ನಮ್ಮ ಮನೆಗೆ ಬಂದಾಗ ಅವನ ಎರಡೂ ಕಿಡ್ನಿ ಹೆಚ್ಚುಕಡಿಮೆ ಕೈಬಿಟ್ಟಿದ್ದವು. ಡ್ರಿಪ್ ಹಾಕಿ, ಮೈಯಲ್ಲಿ ನೀರಿನಂಶ ಸರಿಯಾದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿದಾಗಲೂ ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಲ್ಮಶ 6ರ ಮೇಲೆಯೇ ಇತ್ತು. ನಾಯಿಗಳಲ್ಲಿ ಅದು 5 ದಾಟಿದರೆ ಕಾಯಿಲೆಯ ನಾಲ್ಕನೇ ಹಂತ. ಅದೇ ಕೊನೆಯ ಹಂತ. ಕಿಡ್ನಿಯ ಮುಕ್ಕಾಲು ಭಾಗ ಹಾಳಾಗುವವರೆಗೂ ಈ ಸಂಖ್ಯೆ ಏರುವುದೇ ಇಲ್ಲ. ಹಾಗಾಗಿ ಗೊತ್ತಾಗುವಷ್ಟರಲ್ಲಿ ತುಂಬ ತಡವಾಗಿರುತ್ತದೆ.

ಕೆಂಪು ಮೈಯ ಬೀದಿ ನಾಯಿ. ಮೂತಿ ಪೂರ್ತಿ ನರೆತಿತ್ತು. ಹಲ್ಲು ನೋಡಿ ಡಾಕ್ಟ್ರು ಹನ್ನೊಂದೋ ಹನ್ನೆರಡೋ ವರ್ಷ ಅಂದಿದ್ದರು. ಬೆಂಗಳೂರಿನ ವಿಜಯನಗರದ ಒಂದು ಅಡ್ಡರಸ್ತೆಯ ಜನ ಅನ್ನ ಹಾಕಿ ಬೆಳೆಸಿದ್ದರು. ಊಟ ಬಿಟ್ಟು ವಾಂತಿ ಶುರುವಾದಾಗ ಅವರೇ ಆಟೋದಲ್ಲಿ ಹಾಕಿಕೊಂಡು ಪ್ರಾಣಿಗಳ ಆಶ್ರಯಕ್ಕೆ ತಂದು ಬಿಟ್ಟಿದ್ದರು. ಅಲ್ಲಿ ಆರೈಕೆಗೆ ಕೊರತೆ ಇರಲಿಲ್ಲ. ಆದರೆ ಸುತ್ತ ಅಷ್ಟೊಂದು ನಾಯಿಗಳು, ಹಗಲು ರಾತ್ರಿ ಬೊಗಳಾಟ. ಕೆಂಚ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. "ಮೇಡಂ, ಇವನನ್ನ ಯಾರಾದ್ರೂ ಮನೇಲಿ ಇಟ್ಕೊಂಡ್ರೆ ಚೆನ್ನಾಗಿರುತ್ತೆ. ಜಾಸ್ತಿ ದಿನ ಇರಲ್ಲ" ಎಂದು ಅಲ್ಲಿಯ ಹುಡುಗಿ ಹೇಳಿದಳು. ನಾನು ಹೂಂ ಅಂದೆ.

ಇಂಥ ನಾಯಿಯನ್ನು ತರುವ ಮೊದಲು ಒಂದು ಮಾತು ಖಾತ್ರಿ ಮಾಡಿಕೊಳ್ಳಬೇಕು. ಕಾಯಿಲೆ ನಿಜವಾಗಿಯೂ ವಾಸಿಯಾಗದ್ದೇ? ಬೀದಿ ನಾಯಿಗಳಿಗೆ ಹಿಂಭಾಗದಲ್ಲಿ ಗೆಡ್ಡೆ ಎದ್ದು ರಕ್ತ ಸೋರುತ್ತಿರುತ್ತದೆ. ನೋಡಿದವರು ಕ್ಯಾನ್ಸರ್ ಅಂತ ಕೈಬಿಡುತ್ತಾರೆ. ಅದರಲ್ಲಿ ಬಹಳಷ್ಟು ಒಂದು ನಾಯಿಯಿಂದ ಇನ್ನೊಂದಕ್ಕೆ ಸಂಪರ್ಕದಿಂದ ಹರಡುವ ಟಿವಿಟಿ ಎಂಬ ಗೆಡ್ಡೆ. ವಾರಕ್ಕೊಂದರಂತೆ ಕೆಲವು ವಾರ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಟ್ಟರೆ ಹೆಚ್ಚಿನ ನಾಯಿಗಳಲ್ಲಿ ಪೂರ್ತಿ ವಾಸಿಯಾಗುತ್ತದೆ. ಉಣ್ಣೆ ಜ್ವರ ಬಂದ ನಾಯಿಯೂ ಎದ್ದು ನಿಲ್ಲಲಾಗದಷ್ಟು ಸೊರಗಿರುತ್ತದೆ, ಡಾಕ್ಸಿಸೈಕ್ಲಿನ್ ಕೊಟ್ಟರೆ ಚೇತರಿಸಿಕೊಳ್ಳಬಹುದು. ಕೆಂಚನಿಗೆ ಇದನ್ನೆಲ್ಲ ನೋಡಿದ್ದರು. ಸ್ಕ್ಯಾನಿಂಗ್‌ನಲ್ಲಿ ಕಿಡ್ನಿಗಳು ಸಣ್ಣದಾಗಿ, ಸೊಟ್ಟಸೊಟ್ಟಾಗಿ ಕಂಡವು. ಹಳೆಯ ಕಾಯಿಲೆ, ಮತ್ತೆ ಸರಿಹೋಗುವಂಥದ್ದಲ್ಲ ಅನ್ನುವುದಕ್ಕೆ ಅದೇ ಗುರುತು.

ಇಲಿ ಜ್ವರದ ಪರೀಕ್ಷೆಯನ್ನೂ ಕೇಳಿ ಮಾಡಿಸಿದೆ. ಆ ಜ್ವರ ತರುವ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಕಿಡ್ನಿಯನ್ನು ಕೆಡಿಸುತ್ತದೆ, ನಾಯಿಯ ಮೂತ್ರದಿಂದ ಮನುಷ್ಯರಿಗೂ ಹರಡುತ್ತದೆ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ. ವರದಿ ಬಂದ ಮೇಲೆಯೇ ಕೆಂಚ ಗೇಟು ದಾಟಿದ್ದು. ಆಮೇಲೂ ಉಚ್ಚೆ ಒರೆಸುವಾಗ ಕೈಗವಸು ಹಾಕಿಕೊಳ್ಳುತ್ತಿದ್ದೆವು.

ಆಶ್ರಯದವರ ಜೊತೆ ಕೂತು ನಾಲ್ಕು ಸಾಲು ಬರೆದುಕೊಂಡೆವು. ಕಾಗದದ ಮೇಲೆ ನಾಯಿ ಅವರದ್ದೇ, ಸಾಕುವುದು ನಾವು. ರಕ್ತ ಪರೀಕ್ಷೆ ಮತ್ತು ಡಾಕ್ಟರ ಫೀಸು ಅವರದ್ದು, ಊಟ ಮತ್ತು ದಿನದ ಔಷಧಿ ನಮ್ಮದು. ರಾತ್ರಿ ಎರಡು ಗಂಟೆಗೆ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು, ನೋವಿಲ್ಲದೆ ಕಳಿಸಿಕೊಡುವ ಕೊನೆಯ ಇಂಜೆಕ್ಷನ್ ಬಗ್ಗೆ ಯಾರು ತೀರ್ಮಾನ ಮಾಡಬೇಕು ಅನ್ನುವುದನ್ನೂ ಬರೆದೆವು. ಕಡೆಯ ಆ ಸಾಲು ಬರೆಯುವಾಗ ಕಣ್ಣು ತುಂಬಿ ಬಂತು. ಆದರೂ ಬರೆದಿಡಬೇಕು. ನಾಯಿ ಎದುರಿಗೆ ನರಳುತ್ತಿರುವಾಗ ಆ ಚರ್ಚೆ ಮಾಡುವ ಶಕ್ತಿ ಯಾರಿಗೂ ಇರುವುದಿಲ್ಲ.

ನಮ್ಮ ಮಾವ ಕ್ಯಾನ್ಸರ್‌ನಿಂದ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರು ಬೆಂಗಳೂರಿನ ಕರುಣಾಶ್ರಯದಲ್ಲಿದ್ದರು. ವಾಸಿಯಾಗದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುವ ಜಾಗ ಅದು. ಅಲ್ಲಿಯ ನರ್ಸ್‌ಗಳು ಬೆಳಿಗ್ಗೆ ಬಂದು ಮೊದಲು ಕೇಳುತ್ತಿದ್ದದ್ದು ನೋವು ಹೇಗಿದೆ, ನಿದ್ದೆ ಬಂತಾ, ಏನು ತಿನ್ನಬೇಕು ಅನಿಸುತ್ತಿದೆ ಅಂತ. ಕೆಂಚನ ವಿಷಯದಲ್ಲಿ ಅತ್ತೆ ಮತ್ತು ನಾನು ಅದನ್ನೇ ಹಿಡಿದುಕೊಂಡೆವು. ಯಾವುದೇ ಔಷಧಿ, ಪರೀಕ್ಷೆ, ಓಡಾಟ ಇರಲಿ, ಇದರಿಂದ ಇವತ್ತು ಅವನಿಗೆ ಹಿತವಾಗುತ್ತದಾ ಎಂದು ಡಾಕ್ಟರನ್ನು ಕೇಳುತ್ತಿದ್ದೆವು. ಇಲ್ಲ ಅಂದರೆ ಬೇಡ. ತಿಂಗಳು ತಿಂಗಳು ಎಲ್ಲ ಪರೀಕ್ಷೆಯನ್ನೂ ಮಾಡಿಸುವುದನ್ನು ಹೀಗೇ ಕೈಬಿಟ್ಟೆವು. ಸಂಖ್ಯೆ ಏರಿದೆ ಅಂತ ತಿಳಿದು ಮಾಡುವುದಾದರೂ ಏನು? ಬಿಪಿ ಮಾತ್ರ ನೋಡಿಸುತ್ತಿದ್ದೆವು. ಕಿಡ್ನಿ ಕಾಯಿಲೆಯಲ್ಲಿ ಬಿಪಿ ಏರಿದರೆ ನಾಯಿಗೆ ಇದ್ದಕ್ಕಿದ್ದಂತೆ ಕಣ್ಣು ಹೋಗಬಹುದು. ಅದನ್ನು ಮಾತ್ರೆಯಿಂದ ತಡೆಯಲು ಸಾಧ್ಯವಿದೆ.

ಈಗ ಡ್ರಿಪ್ ವಿಷಯ. ಹೊಸಬರು ಜಾಸ್ತಿ ಹೆದರುವುದು ಇದಕ್ಕೇ, ಕೆಂಚನಿಗೆ ಜಾಸ್ತಿ ಉಪಯೋಗವಾಗಿದ್ದೂ ಇದೇ. ಸೋತ ಕಿಡ್ನಿ ನೀರನ್ನು ಹಿಡಿದಿಡುವುದಿಲ್ಲ. ನಾಯಿ ಎಷ್ಟು ಕುಡಿದರೂ ಅಷ್ಟೂ ಉಚ್ಚೆಯಾಗಿ ಹೋಗುತ್ತದೆ. ಮೈ ಒಣಗುತ್ತದೆ, ಹೊಟ್ಟೆ ತೊಳಸುತ್ತದೆ. ಅದಕ್ಕೆ ಚರ್ಮದ ಕೆಳಗೆ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣ ಕೊಡುತ್ತಾರೆ. ಮೆಡಿಕಲ್ ಶಾಪಿನವರು ಆರ್‌ಎಲ್ ಅನ್ನುತ್ತಾರೆ. ರಕ್ತನಾಳ ಹುಡುಕುವ ಕೆಲಸ ಇಲ್ಲ, ಮನೆಯಲ್ಲೇ ಕೊಡಬಹುದು. ಕ್ಲಿನಿಕ್‌ನಲ್ಲಿ ನರ್ಸ್ ಎದುರಿಗೆ ನಾನೇ ಮಾಡಿ, ಅವರು ಸರಿ ಅಂದ ಮೇಲೆ ಮನೆಯಲ್ಲಿ ಶುರು ಮಾಡಿದೆ.

ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡುತ್ತಿದ್ದೆ. ತಣ್ಣಗಿದ್ದರೆ ನಾಯಿ ನಡುಗುತ್ತದೆ. ಕಿಟಕಿ ಸರಳಿಗೆ ಬಾಟಲಿ ನೇತುಹಾಕಿ, ಪೈಪಿನಲ್ಲಿರುವ ಗಾಳಿಯನ್ನೆಲ್ಲ ಹೊರಗೆ ಬಿಡಬೇಕು. ಹೆಗಲ ಮೂಳೆಗಳ ನಡುವೆ ಚರ್ಮ ಸಡಿಲವಾಗಿರುತ್ತದೆ. ಅದನ್ನು ಎಡಗೈಯಲ್ಲಿ ಗುಡಾರದ ಹಾಗೆ ಎತ್ತಿ ಹಿಡಿದು, ಬುಡದಲ್ಲಿ ಸೂಜಿಯನ್ನು ಒಂದೇ ಸಲಕ್ಕೆ ಒಳಗೆ ನೂಕಬೇಕು. ಅನುಮಾನದಿಂದ ಮೆಲ್ಲಗೆ ಚುಚ್ಚಿದರೇ ನೋವು ಜಾಸ್ತಿ. ನಮಗೆ ಡಾಕ್ಟ್ರು 18 ನಂಬರಿನ ಸೂಜಿ ಹೇಳಿದ್ದರು. ನೋಡಲು ದಪ್ಪ, ಆದರೆ ಬೇಗ ಇಳಿಯುತ್ತದೆ. ಕೆಂಚ ಅಷ್ಟು ಹೊತ್ತೂ ನನ್ನ ಗಂಡನ ತೊಡೆಯ ಮೇಲೆ ತಲೆ ಇಟ್ಟು ಮಲಗಿರುತ್ತಿದ್ದ. ಅತ್ತೆ ಅವನ ಕಿವಿಯ ಹಿಂದೆ ಕೆರೆಯುತ್ತಾ ಕೂರುತ್ತಿದ್ದರು. ನೀರು ಇಳಿದ ಜಾಗ ಉಬ್ಬಿ, ಆಮೇಲೆ ಮುಂಗಾಲಿನ ಕಡೆಗೆ ಜೋತು ಬೀಳುತ್ತದೆ. ಗಾಬರಿ ಬೇಡ, ಕೆಲವು ಗಂಟೆಯಲ್ಲಿ ಮೈಗೆ ಇಂಗುತ್ತದೆ.

ಎಷ್ಟು ಎಂಎಲ್ ಅನ್ನುವುದನ್ನು ಡಾಕ್ಟ್ರೇ ಹೇಳಬೇಕು. ನಾಯಿಯ ತೂಕ ಮತ್ತು ಹೃದಯದ ಸ್ಥಿತಿ ನೋಡಿ ಅದು ಬದಲಾಗುತ್ತದೆ. ಹಿಂದಿನ ದಿನದ ಉಬ್ಬು ಇನ್ನೂ ಇಳಿದಿಲ್ಲ, ಉಸಿರು ಜೋರಾಗಿದೆ, ಕೆಮ್ಮು ಬಂದಿದೆ ಅಂದರೆ ಕೊಡದೆ ಫೋನ್ ಮಾಡಬೇಕು. ಪ್ರತಿ ಸಲ ಹೊಸ ಸೂಜಿ. ಹಳೆಯದನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಕ್ಲಿನಿಕ್‌ಗೇ ಕೊಡುತ್ತಿದ್ದೆವು. ಪೌರಕಾರ್ಮಿಕರ ಕೈಗೆ ಚುಚ್ಚುವಂತೆ ಕಸಕ್ಕೆ ಹಾಕಬಾರದು. ಇನ್ನೊಂದು ವಿಷಯ, ನಮ್ಮಲ್ಲಿ ಯಾವ ಡ್ರಿಪ್ ಇದ್ದರೂ ಗ್ಲೂಕೋಸ್ ಅಂತಲೇ ಕರೆಯುತ್ತಾರೆ. ಅಂಗಡಿಯಲ್ಲಿ ಗ್ಲೂಕೋಸ್ ಬಾಟಲಿ ಕೊಟ್ಟುಬಿಟ್ಟರೆ ಚರ್ಮದ ಕೆಳಗೆ ಅದು ಉರಿ ಮತ್ತು ಸೋಂಕು ತರಬಹುದು. ಚೀಟಿ ತೋರಿಸಿ, ಬಾಟಲಿಯ ಮೇಲಿನ ಹೆಸರು ಓದಿ ತರಬೇಕು.

ಡ್ರಿಪ್ ಶುರುವಾದ ಮೇಲೆ ಕೆಂಚ ಗೋಡೆ ಕಡೆ ಮುಖ ಮಾಡಿ ಮಲಗುವುದನ್ನು ಬಿಟ್ಟ. ಬಾಗಿಲಲ್ಲಿ ಕೂತು ಬೀದಿ ನೋಡತೊಡಗಿದ. ತರಕಾರಿ ಗಾಡಿಯವನು ಕೂಗಿದರೆ ಎದ್ದು ಗೇಟಿನವರೆಗೂ ಹೋಗುತ್ತಿದ್ದ.

ಊಟದಲ್ಲಿ ಮುಖ್ಯ ಶತ್ರು ರಂಜಕ, ಅಂದರೆ ಫಾಸ್ಫರಸ್. ಕಿಡ್ನಿ ಅದನ್ನು ಹೊರಹಾಕಲಾರದು, ಅದು ರಕ್ತದಲ್ಲಿ ಸೇರಿ ನಾಯಿಗೆ ಸಂಕಟವಾಗುತ್ತದೆ. ನಮ್ಮ ಕಡೆ ನಾಯಿಗೆ ರಾಗಿ ಮುದ್ದೆ ಹಾಕುವುದು ರೂಢಿ. ರಾಗಿಯಲ್ಲಿ ರಂಜಕ ಜಾಸ್ತಿ, ಬಿಳಿ ಅನ್ನದಲ್ಲಿ ಕಡಿಮೆ. ಹಾಗಾಗಿ ಮೆತ್ತಗೆ ಬೇಯಿಸಿದ ಅನ್ನ, ಮೊಟ್ಟೆಯ ಬಿಳಿ ಭಾಗ, ಸೋರೆಕಾಯಿ, ಒಂದು ಚಮಚ ತುಪ್ಪ. ಹಳದಿ ಭಾಗ ಬೇಡ, ಲಿವರ್ ಬೇಡ, ಮೂಳೆ ಬೇಡ, ಉಪ್ಪು ಬೇಡ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿಯನ್ನು ಯಾವ ನಾಯಿಗೂ ಕೊಡಬಾರದು, ಒಣದ್ರಾಕ್ಷಿಯನ್ನೂ ಸಹ. ಕಿಡ್ನಿ ನಾಯಿಗೆ ಅಂತಲೇ ತಯಾರಿಸಿದ ಒಣ ಆಹಾರ ಸಿಗುತ್ತದೆ, ಒಳ್ಳೆಯದು. ಕೆಂಚ ಅದನ್ನು ಮೂಸಿ ನೋಡಿ ಹೊರಟುಹೋದ. ರಂಜಕ ಹಿಡಿಯುವ ಔಷಧಿಯನ್ನು ಊಟದ ಜೊತೆಯೇ ಕಲಸಿ ಕೊಡಬೇಕು, ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಪ್ರಯೋಜನವಿಲ್ಲ. ವಾಕರಿಕೆಯ ಮಾತ್ರೆಯನ್ನು ಊಟಕ್ಕೆ ಮೊದಲೇ ಕೊಡುತ್ತಿದ್ದೆವು. ನೀರಿನ ಬಟ್ಟಲು ಮನೆಯ ಮೂರು ಕಡೆ ಇಟ್ಟಿದ್ದೆವು. ಉಚ್ಚೆ ಜಾಸ್ತಿ ಮಾಡುತ್ತಾನೆ ಅಂತ ನೀರು ಕಡಿಮೆ ಮಾಡಿದರೆ ಅದು ನಾಯಿಗೆ ಮಾಡುವ ದೊಡ್ಡ ಹಿಂಸೆ.

ಕೊನೆಕೊನೆಗೆ ಅವನು ಸೋರೆಕಾಯಿ ಅನ್ನ ಮುಟ್ಟಲಿಲ್ಲ. ಅತ್ತೆಯ ತಟ್ಟೆಯ ಮೊಸರನ್ನ ನೋಡಿ ಬಾಲ ಆಡಿಸಿದ. ಡಾಕ್ಟ್ರಿಗೆ ಫೋನ್ ಮಾಡಿದೆ. "ಈಗ ಪಥ್ಯದ ಕಾಲ ಮುಗೀತಮ್ಮ, ಏನು ತಿಂತಾನೋ ಅದು ಕೊಡಿ" ಅಂದರು. ಮೊಸರನ್ನ ತಿಂದ. ಮಾರನೆಯ ದಿನ ಇಡ್ಲಿ ತಿಂದ. ಪಥ್ಯ ನಿಲ್ಲಿಸುವುದೂ ಚಿಕಿತ್ಸೆಯೇ ಅಂತ ನಾನು ನಂಬುತ್ತೇನೆ. ಹಸಿದ ನಾಯಿಯ ಮುಂದೆ ಒಳ್ಳೆಯ ಪಥ್ಯದ ಬಟ್ಟಲನ್ನು ಇಟ್ಟು ಕಾಯುವುದರಲ್ಲಿ ಅರ್ಥವಿಲ್ಲ.

ಮನೆಯ ನೆಲ ನುಣುಪಾದ ಟೈಲ್ಸ್. ಬಲ ಇಲ್ಲದ ಕಾಲು ಜಾರುತ್ತದೆ. ಜಮಖಾನದ ಅಡಿಗೆ ರಬ್ಬರ್ ಹಾಳೆ ಹಾಕಿ ಹಾಸಿಗೆಯಿಂದ ಬಾಗಿಲವರೆಗೆ ದಾರಿ ಮಾಡಿದೆವು. ಹಾಸಿಗೆಗೆ ಅತ್ತೆಯ ಹಳೆ ಕಾಟನ್ ಸೀರೆಗಳು, ದಿನಾ ಒಗೆಯಲು ಸುಲಭ. ಬಾಯಲ್ಲಿ ಹುಣ್ಣಾಗಿ ವಾಸನೆ ಬರುತ್ತಿತ್ತು, ಅದು ಈ ಕಾಯಿಲೆಯ ಲಕ್ಷಣ. ಡಾಕ್ಟ್ರು ಕೊಟ್ಟ ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಬಟ್ಟೆ ಅದ್ದಿ ಒರೆಸಿದರೆ ಅವನಿಗೆ ಹಾಯೆನಿಸುತ್ತಿತ್ತು. ನೋವಿಗೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಬ್ರೂಫೆನ್, ಡೈಕ್ಲೋಫೆನಾಕ್ ಕೊಡಲೇಬೇಡಿ. ಅವು ನಾಯಿಯ ಲಿವರನ್ನೋ ಉಳಿದಿರುವ ಕಿಡ್ನಿಯನ್ನೋ ಕೊಂದುಬಿಡಬಹುದು.

"ಯಾಕಮ್ಮಾ, ಸಾಯೋ ನಾಯಿನ ತಂದು ಸಂಕಟ ಪಡ್ತೀರಿ?" ಎಂದು ಪಕ್ಕದ ಮನೆಯ ಆಂಟಿ ಕೇಳಿದರು. ಕಾಳಜಿಯಿಂದಲೇ ಕೇಳಿದ್ದು. ನಾನು ಅವರನ್ನು ಒಳಗೆ ಕರೆದೆ. ಬಿಸಿಲು ಬೀಳುವ ಜಾಗದಲ್ಲಿ ಕೆಂಚ ಹೊಟ್ಟೆ ಮೇಲೆ ಮಾಡಿ ಮಲಗಿದ್ದ. ಆಮೇಲೆ ಅವರೇ ಮಧ್ಯಾಹ್ನ ಬಂದು ಅವನ ಹತ್ತಿರ ಕೂರುತ್ತಿದ್ದರು.

ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ರಾತ್ರಿ ಗುರುತು ಹಾಕುತ್ತಿದ್ದೆವು. ಒಳ್ಳೆಯ ದಿನಕ್ಕೆ ಸೊನ್ನೆ, ಕೆಟ್ಟ ದಿನಕ್ಕೆ ಅಡ್ಡಗೀಟು. ಜೊತೆಗೆ ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಮಾಡಿರುವ ಒಂದು ಅಳತೆಯನ್ನು ಡಾಕ್ಟ್ರು ಬರೆದುಕೊಟ್ಟಿದ್ದರು. ನೋವು, ಹಸಿವು, ಮೈಯ ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿ ಇದೆಯಾ ಅನ್ನುವುದು, ಹೀಗೆ ಏಳು ವಿಷಯ. ಒಂದೊಂದಕ್ಕೂ ಹತ್ತರವರೆಗೆ ಅಂಕ. ಒಟ್ಟು 35ಕ್ಕಿಂತ ಮೇಲಿದ್ದರೆ ನಾಯಿಯ ಬದುಕು ಪರವಾಗಿಲ್ಲ ಅಂತ. ನಾವು ಮೂವರೂ ಬೇರೆ ಬೇರೆ ಅಂಕ ಹಾಕಿ ಹೋಲಿಸುತ್ತಿದ್ದೆವು. ನನ್ನ ಅಂಕ ಯಾವಾಗಲೂ ಜಾಸ್ತಿ ಇರುತ್ತಿತ್ತು, ಅತ್ತೆಯದ್ದು ಕಡಿಮೆ. ಹಗಲೆಲ್ಲ ಅವನ ಪಕ್ಕ ಇರುತ್ತಿದ್ದವರು ಅವರು. ಅವರ ಅಂಕವನ್ನೇ ನಂಬಿದೆವು.

ಅಡ್ಡಗೀಟುಗಳು ಸಾಲಾಗಿ ಬಂದವು. ನೀರು ಕುಡಿದರೂ ವಾಂತಿ. ಬಾಗಿಲಿಗೆ ಹೋಗಲು ಎದ್ದು, ಅರ್ಧ ದಾರಿಯಲ್ಲಿ ಕೂತುಬಿಡುತ್ತಿದ್ದ. ಅತ್ತೆ ಹೇಳಿದರು: "ಸಾಕು ಕಣೆ, ಅವನನ್ನ ಇನ್ನು ಕಳಿಸಿಕೊಡೋಣ." ಕಿಡ್ನಿ ಕಾಯಿಲೆಯಲ್ಲಿ ತಾನಾಗಿ ಹೋಗಲಿ ಅಂತ ಕಾದರೆ ಕೊನೆಯಲ್ಲಿ ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ಅದನ್ನು ಅವನು ಅನುಭವಿಸಬಾರದು ಅನ್ನುವುದರಲ್ಲಿ ನಮಗೆ ಅನುಮಾನ ಇರಲಿಲ್ಲ. ಆಶ್ರಯದವರೂ ಒಪ್ಪಿದರು.

ಡಾಕ್ಟ್ರು ಮನೆಗೇ ಬಂದರು. ಹೇಗೆ ನಡೆಯುತ್ತದೆ ಅಂತ ಮೊದಲೇ ಕೇಳಿ ತಿಳಿದುಕೊಂಡಿದ್ದೆ, ಅದರಿಂದ ಧೈರ್ಯ ಇತ್ತು. ಮೊದಲು ಮಂಪರಿನ ಇಂಜೆಕ್ಷನ್. ಗಾಢ ನಿದ್ದೆ ಬಂದ ಮೇಲೆ ರಕ್ತನಾಳಕ್ಕೆ ಅರಿವಳಿಕೆ ಔಷಧಿಯನ್ನು ಜಾಸ್ತಿ ಪ್ರಮಾಣದಲ್ಲಿ ಕೊಡುತ್ತಾರೆ. ಕೆಲವೇ ನಿಮಿಷದಲ್ಲಿ ಹೃದಯ ನಿಲ್ಲುತ್ತದೆ. ಕಣ್ಣು ತೆರೆದೇ ಇರುತ್ತದೆ. ಉಸಿರು ನಿಂತ ಮೇಲೂ ಒಂದೆರಡು ಸಲ ಎದೆ ಎಳೆದ ಹಾಗೆ ಆಗಬಹುದು, ಉಚ್ಚೆ ಹೋಗಬಹುದು. ಅದು ನೋವಲ್ಲ, ಅವನಿಗೆ ಆಗ ಏನೂ ತಿಳಿಯುವುದಿಲ್ಲ. ಮಂಪರು ಬರುವವರೆಗೂ ಅವನ ಹೆಸರು ಕರೆಯುತ್ತಾ ಇದ್ದೆವು. ಗಂಡ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಮೂವರೂ ತುಂಬ ಅತ್ತೆವು.

ಸುಮನಹಳ್ಳಿಯಲ್ಲಿ ಪ್ರಾಣಿಗಳಿಗೆ ಅಂತಲೇ ಪಾಲಿಕೆಯ ಚಿತಾಗಾರ ಇದೆ. ಅಲ್ಲಿಗೆ ಒಯ್ದೆವು. ಹೋಗುವ ಮೊದಲು ಫೋನ್ ಮಾಡಿ ಸಮಯ ಕೇಳಿಕೊಳ್ಳುವುದು ಒಳ್ಳೆಯದು. ಉಳಿದಿದ್ದ ಆರ್‌ಎಲ್ ಬಾಟಲಿ, ಒಡೆಯದ ಮಾತ್ರೆ, ಸೂಜಿ ಎಲ್ಲವನ್ನೂ ಆಶ್ರಯಕ್ಕೆ ಕೊಟ್ಟೆವು.

ಎಲ್ಲ ಮನೆಗೂ ಇದು ಹೊಂದುವುದಿಲ್ಲ. ಹಗಲು ಯಾರೂ ಇರದ ಮನೆಯಲ್ಲಿ ಕಿಡ್ನಿ ನಾಯಿ ಸೊರಗುತ್ತದೆ. ಲಸಿಕೆ ಪೂರ್ತಿಯಾಗದ ಮರಿ ಇದ್ದರೆ, ಮನೆಯವರಲ್ಲಿ ಒಬ್ಬರಿಗೂ ಮನಸ್ಸಿಲ್ಲದಿದ್ದರೆ ಬೇಡ. ಮನೆಗೆ ತರಲು ಆಗದವರು ವಾರಕ್ಕೊಂದು ದಿನ ಆಶ್ರಯಕ್ಕೆ ಹೋಗಿ ಒಂದು ಮುದಿ ನಾಯಿಯ ಪಕ್ಕ ಕೂತು ಮೈ ಬಾಚಬಹುದು, ಹಳೆ ಕಾಟನ್ ಸೀರೆ, ಬೆಡ್‌ಶೀಟ್ ಕೊಡಬಹುದು. ತರಲು ಆಗುವವರು ಫೋನ್ ಮಾಡಿದಾಗ ಮರಿ ಇದೆಯಾ ಅಂತ ಕೇಳುವ ಬದಲು, ಯಾರೂ ಕೇಳದೆ ಉಳಿದಿರುವ ಕಾಯಿಲೆಯ ನಾಯಿ ಯಾವುದು ಅಂತ ಒಮ್ಮೆ ಕೇಳಿ ನೋಡಿ.