ಅಳಿಲಿನ ಚಳಿಗಾಲದ ನಿದ್ದೆ: ಮನೆಯಲ್ಲೇ ಅಳೆದು ನೋಡುವುದು ಹೇಗೆ?

ಮಂಗಳೂರಿನ ಸೆಕೆಯಲ್ಲಿ ಕೂತು ಹಿಮದ ನಾಡಿನ ಚಳಿಗಾಲದ ನಿದ್ದೆಯನ್ನು ಊಹಿಸುವುದು ಕಷ್ಟವೇ. ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗಿಗೆ ನಾನು ಹೇಳಿಕೊಟ್ಟದ್ದು ಹೀಗೆ. ಬೇಕಾದದ್ದು ಫ್ರಿಜ್ಜು, ಗಡಿಯಾರ, ಸೂರ್ಯೋದಯದ ಹೊತ್ತು ಅಚ್ಚಾಗಿರುವ ಕ್ಯಾಲೆಂಡರು.

ಮೊದಲು, ಬಂಗುಡೆಯ ಡಬ್ಬಿಯ ಪಕ್ಕ ರಾತ್ರಿಯಿಡೀ ಇಟ್ಟ ನೀರಿನ ಬಾಟಲಿಯನ್ನು ಹಿಡಿದುಕೊಳ್ಳಿ. ಹೆಚ್ಚುಕಮ್ಮಿ 5 ಡಿಗ್ರಿ. ಉತ್ತರ ಅಮೆರಿಕದ ಹದಿಮೂರು ಗೆರೆಯ ನೆಲ ಅಳಿಲು ಬಿಲದಲ್ಲಿ ಮುದುಡಿ ಮಲಗಿದಾಗ ಅದರ ಮೈ ಇಷ್ಟೇ ತಣ್ಣಗಿರುತ್ತದೆ. ಎದ್ದಾಗ ನಮ್ಮ ಹಾಗೇ 37.

ಆಮೇಲೆ ಮೇಜಿನ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿ. 12 ಸೆಕೆಂಡು ಸುಮ್ನೆ ಕೂರಿ. ಇನ್ನೊಮ್ಮೆ ತಟ್ಟಿ. ಅದರ ಎದೆಬಡಿತ ಆಗ ನಿಮಿಷಕ್ಕೆ ಸುಮಾರು 5; ಎಚ್ಚರವಿದ್ದಾಗ 200 ದಾಟುತ್ತದೆ. ನಾನು ಎರಡನೇ ಸಲ ತಟ್ಟುವ ಮೊದಲೇ ಹುಡುಗಿ ಕೇಳಿದಳು, "ಅದು ಸತ್ತದ್ದಾ ಆಂಟಿ?"

ಇನ್ನು ಮಿದುಳಿನ ಜೀನುಗಳು. ಇದಕ್ಕೆ ಜೆರಾಕ್ಸ್ ಅಂಗಡಿಯನ್ನು ನೆನಪಿಸಿಕೊಳ್ಳಿ. ಜೀನು ಅಸಲು ಕಾಗದ, ಅದರಿಂದ ತೆಗೆಯುವ ನಕಲು ಆರ್‌ಎನ್‌ಎ. ಮೈ ತಣ್ಣಗಾದರೆ ಅಂಗಡಿಯಲ್ಲಿ ಕರೆಂಟು ಹೋದ ಹಾಗೆ. ಹೊಸ ನಕಲು ಬಹುತೇಕ ನಿಲ್ಲುತ್ತದೆ. ಆದರೆ ಮೊದಲೇ ತೆಗೆದ ಹಾಳೆಗಳು ಕೌಂಟರಿನ ಮೇಲೆ ಹಾಗೇ ಬಿದ್ದಿರುತ್ತವೆ, ಅಲ್ವಾ? ಹಾಗಾಗಿ ಮಲಗಿದ ಅಳಿಲಿನ ಮಿದುಳಲ್ಲಿ ಆರ್‌ಎನ್‌ಎ ಸಿಕ್ಕಿತು ಅಂದ ಮಾತ್ರಕ್ಕೆ ಆ ಜೀನು ಆಗಲೇ ಕೆಲಸ ಮಾಡುತ್ತಿತ್ತು ಎನ್ನಲಾಗದು. ನಾನೂ ಮೊದಲು ಎಡವಿದ್ದು ಇಲ್ಲೇ. ಒಂದೆರಡು ವಾರಕ್ಕೊಮ್ಮೆ ಅಳಿಲು ಮೈ ಬಿಸಿ ಮಾಡಿಕೊಂಡು ಅರ್ಧ ದಿನದಷ್ಟು ಹೊತ್ತು ಏಳುತ್ತದೆ. ಅಂಗಡಿ ಮತ್ತೆ ತೆರೆಯುವುದು ಆಗ.

ಉಳಿದದ್ದು ಮೆಲಟೋನಿನ್ ಎಂಬ ಹಾರ್ಮೋನು. ಕತ್ತಲಾದರೆ ಮಿದುಳಿನ ಪೀನಿಯಲ್ ಗ್ರಂಥಿ ಇದನ್ನು ಬಿಡುತ್ತದೆ. ರಾತ್ರಿ ಉದ್ದವಾದರೆ ಬಿಡುವ ಹೊತ್ತೂ ಜಾಸ್ತಿ. ಋತು ಬದಲಾದದ್ದು ಪ್ರಾಣಿಗೆ ತಿಳಿಯುವುದು ಹೀಗೆ. ಆದರೆ ಗಾಢ ನಿದ್ದೆಯಲ್ಲಿ ಈ ಲೆಕ್ಕವೂ ನಿಲ್ಲಬಹುದು: ಇಲಿಯಂಥ ಪ್ರಾಣಿಗಳಾದ ಯುರೋಪಿನ ಹ್ಯಾಮ್‌ಸ್ಟರ್‌ಗಳಲ್ಲಿ ಹಗಲು-ರಾತ್ರಿಯ ಗಡಿಯಾರ ನಡೆಸುವ ಜೀನುಗಳ ಏರಿಳಿತವೇ ನಿಂತಿತ್ತು.

ಈಗ ಕ್ಯಾಲೆಂಡರು ತೆಗೆದು ಜೂನ್ 21 ಮತ್ತು ಡಿಸೆಂಬರ್ 21ರ ಹಗಲಿನ ಉದ್ದವನ್ನು ಕಳೆದು ನೋಡಿ. ಮಂಗಳೂರಿನಲ್ಲಿ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ 18 ಗಂಟೆ!

"ಹಾಗಾದ್ರೆ ನಮ್ಮ ತೋಟದ ಅಳಿಲು ಯಾಕೆ ಮಲಗುವುದಿಲ್ಲ?" ಅಂದಳು. ಜನವರಿಯಲ್ಲೂ ಅದಕ್ಕೆ ಹೊಟ್ಟೆಗೆ ಸಿಗುತ್ತದಲ್ವಾ, ಅಂದೆ. ಅವರ ಪೇರಳೆ ಮರದಲ್ಲಿ ಅದು ಆಗಲೇ ಒಂದು ಹಣ್ಣನ್ನು ಅರ್ಧ ಮುಗಿಸಿತ್ತು.