ಬೋಲ್ಡ್ ಮಾಡಿದರೆ ಶೀರ್ಷಿಕೆ ಆಗುವುದಿಲ್ಲ

ನಾನು ವರ್ಡ್ ಫೈಲ್‌ಗಳನ್ನು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನಲ್ಲಿ, ಅಂದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶದಲ್ಲಿ, ಕೇಳಿ ಓದುತ್ತೇನೆ. ಹೋದ ತಿಂಗಳು 40 ಪುಟದ ಒಂದು ವರದಿ ಬಂತು. ಎನ್‌ವಿಡಿಎಯ ಬ್ರೌಸ್ ಮೋಡ್‌ನಲ್ಲಿ (ಒಂದೊಂದು ಕೀ ಒತ್ತಿ ಫೈಲ್‌ನಲ್ಲಿ ಓಡಾಡುವ ವಿಧಾನ) ಎಚ್ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹೋಗಬೇಕು. ಒಂದೂ ಸಿಗಲಿಲ್ಲ. ಬರೆದವರು ಸುಮ್ನೆ ಅಕ್ಷರ ದೊಡ್ಡದು ಮಾಡಿ, ಬೋಲ್ಡ್ ಮಾಡಿ ಬಿಟ್ಟಿದ್ದರು. ನೋಡುವವರಿಗೆ ಅದು ಶೀರ್ಷಿಕೆ, ನನಗೆ ಬರೀ ಇನ್ನೊಂದು ಸಾಲು. ಬೇಕಾದ ಒಂದು ಪ್ಯಾರಾಕ್ಕಾಗಿ ಮೊದಲಿಂದ ಕೇಳುತ್ತಾ ಕೂತೆ.

ಆದ್ದರಿಂದ ಮೊದಲು ಇದನ್ನು ಮಾಡಿ. ಶೀರ್ಷಿಕೆಯ ಸಾಲಿನಲ್ಲಿ ಕರ್ಸರ್ ಇಟ್ಟು ಕಂಟ್ರೋಲ್, ಆಲ್ಟ್, 1 ಒಟ್ಟಿಗೆ ಒತ್ತಿ. ಅದು ಹೆಡಿಂಗ್ 1 ಆಗುತ್ತದೆ. ಅದರ ಒಳಗಿನ ಉಪಶೀರ್ಷಿಕೆಗೆ 1ರ ಬದಲು 2. ಒಂದರಿಂದ ನೇರ ಮೂರಕ್ಕೆ ಹೋಗಬೇಡಿ, ನಡುವೆ ಏನೋ ತಪ್ಪಿಹೋಯಿತು ಅನಿಸುತ್ತದೆ. ಬಣ್ಣ ಇಷ್ಟವಾಗದಿದ್ದರೆ ಸ್ಟೈಲ್ಸ್‌ನಲ್ಲಿ ಹೆಡಿಂಗ್ 1ರ ಮೇಲೆ ರೈಟ್ ಕ್ಲಿಕ್ ಮಾಡಿ, ಮಾಡಿಫೈ ಆರಿಸಿ. ಎಲ್ಲಾ ಕಡೆ ಒಟ್ಟಿಗೆ ಬದಲಾಗುತ್ತದೆ.

ಹೊಸ ಪುಟ ಬೇಕೆಂದು ಹತ್ತು ಸಲ ಎಂಟರ್ ಒತ್ತಬೇಡಿ. ನನಗೆ ಹತ್ತು ಸಲ "ಬ್ಲ್ಯಾಂಕ್" ಕೇಳಿಸುತ್ತದೆ. ಕಂಟ್ರೋಲ್ ಎಂಟರ್ ಸಾಕು.

ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದ ಬದಲು ನನಗೆ ಕೇಳಿಸುವ ವಿವರಣೆ, ಬರೆಯಿರಿ. "ಗ್ರಾಫ್" ಎಂದಷ್ಟೇ ಬರೆದರೆ ಏನು ತಿಳಿಯುತ್ತದೆ ಹೇಳಿ? "ಮಾರ್ಚ್ ನಂತರ ಮಾರಾಟ ಅರ್ಧಕ್ಕೆ ಇಳಿದಿದೆ" ಅಂದರೆ ನನಗೂ ಗ್ರಾಫ್ ಸಿಕ್ಕಿತು, ಅಲ್ವಾ? ಲಿಂಕ್‌ಗೂ "ಇಲ್ಲಿ ಒತ್ತಿ" ಬೇಡ, ಅದು ಎಲ್ಲಿಗೆ ಹೋಗುತ್ತದೋ ಅದನ್ನೇ ಬರೆಯಿರಿ.

ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ರೂಪ ಕೊಡುವ ಹಳೆಯ ಆಸ್ಕಿ ಫಾಂಟ್‌ನ ಕನ್ನಡ ನನ್ನ ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬೀಳುತ್ತದೆ.

ಕಳಿಸುವ ಮುಂಚೆ ರಿವ್ಯೂ ಟ್ಯಾಬ್‌ನ ಚೆಕ್ ಆಕ್ಸೆಸಿಬಿಲಿಟಿ ಒಮ್ಮೆ ಒತ್ತಿ. ಆಲ್ಟ್ ಟೆಕ್ಸ್ಟ್ ಬಿಟ್ಟುಹೋದ ಚಿತ್ರಗಳನ್ನು ಅದು ತೋರಿಸುತ್ತದೆ.